‘ಮಿಸ್, ಬಾ ಇಲ್ಲಿ’ ಎಂದರೆ ಸಿಟ್ಟಾಗಬೇಡಿ

ಜೂನ್ ಮೊದಲ ವಾರ. ಒಂದನೇ ತರಗತಿಗೆ ಆಗಷ್ಟೇ ಸೇರಿದ ಹುಡುಗನೊಬ್ಬ ಸ್ಲೇಟು ಎತ್ತಿ ಹಿಡಿದು, ‘ಮಿಸ್, ಬಾ ಇಲ್ಲಿ, ನೋಡು’ ಎಂದು ಕೂಗುತ್ತಾನೆ. ಪಕ್ಕದ ಕೊಠಡಿಯ ಮೇಷ್ಟ್ರು ಇಣುಕಿ, ‘ಈಗಿನ ಮಕ್ಕಳಿಗೆ ಮರ್ಯಾದೆಯೇ ಇಲ್ಲ’ ಎನ್ನುತ್ತಾರೆ. ಇದೆ, ಮೇಷ್ಟ್ರೇ. ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು ತಾಯಿಯನ್ನು ಏಕವಚನದಲ್ಲೇ ಕರೆಯುತ್ತಾರೆ. ಹುಡುಗ ಮಿಸ್ಸನ್ನು ಅಮ್ಮನ ಸಾಲಿಗೆ ಸೇರಿಸಿಕೊಂಡಿದ್ದಾನೆ, ಅಷ್ಟೇ. ‘ಬನ್ನಿ’, ‘ನೋಡಿ’ ಎನ್ನುವುದು ಅವನಿಗೆ ಇನ್ನೂ ಬಾರದ ವ್ಯಾಕರಣ. ಒತ್ತಕ್ಷರ ಬರೆಯಲು ಬಾರದ ಮಗುವಿನ ಮೇಲೆ ಯಾರೂ ರೇಗುವುದಿಲ್ಲ, ಕೈ ಹಿಡಿದು ತಿದ್ದಿಸುತ್ತೇವೆ. ಇದನ್ನೂ ಹಾಗೆಯೇ ತಿದ್ದಿಸಬೇಕು.

ಮೊದಲು ನಿಮ್ಮ ನಾಲಿಗೆ

ಒಂದು ದಿನ ಪೂರ್ತಿ ನಿಮ್ಮ ಮಾತನ್ನು ನೀವೇ ಕೇಳಿಸಿಕೊಳ್ಳಿ. ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತೀರೋ, ‘ಏಯ್’, ‘ಲೇ’, ‘ಕೋತಿ’ ಎನ್ನುತ್ತೀರೋ? ಅವರನ್ನು ಬಹುವಚನದಲ್ಲಿ ಕರೆಯಲೇಬೇಕೆಂದೇನಿಲ್ಲ. ಪ್ರೀತಿಯ ‘ಬಾರಪ್ಪ’, ‘ಬಾಮ್ಮ’ಗಳಲ್ಲಿ ಗೌರವಕ್ಕೇನೂ ಕೊರತೆಯಿಲ್ಲ. ಮಕ್ಕಳು ಗಮನಿಸುವುದು ಬೇರೆಯದನ್ನು. ‘ಹೆಡ್ ಮಾಸ್ಟರ್ ಬಂದರು’, ‘ಅಡುಗೆಯವಳು ಬಂದಳು’: ಒಂದೇ ಬಾಯಿಂದ ಈ ಎರಡು ವಾಕ್ಯ ಬಂದರೆ, ಬಹುವಚನ ಇರುವುದು ಕುರ್ಚಿಗೆ ಎಂಬ ಪಾಠ ಆರು ವರ್ಷದ ಮಗುವಿಗೆ ಒಂದೇ ದಿನದಲ್ಲಿ ಬಾಯಿಪಾಠವಾಗುತ್ತದೆ. ಕೆಲವು ಕೇರಿಗಳ ಹಿರಿಯರನ್ನು ಊರಿನ ಚಿಕ್ಕ ಮಕ್ಕಳೂ ‘ಬಾ, ಹೋಗು’ ಎನ್ನುವ ಹಳ್ಳಿಗಳನ್ನು ನಾನು ನೋಡಿದ್ದೇನೆ. ಆ ಮಕ್ಕಳಿಗೆ ಬಹುವಚನ ಬರುವುದಿಲ್ಲವೆಂದಲ್ಲ. ಯಾರಿಗೆ ಹಚ್ಚಬಾರದು ಎಂಬುದನ್ನು ದೊಡ್ಡವರು ಹೇಳಿಕೊಟ್ಟಿದ್ದಾರೆ. ಅದನ್ನು ಅಳಿಸಬಹುದಾದ ಜಾಗವಿದ್ದರೆ ಅದು ಶಾಲೆ. ಆದ್ದರಿಂದ ಅಡುಗೆಯವರು ‘ಅಡುಗೆಯ ಅಕ್ಕ’ ಆಗಲಿ, ಗುಡಿಸುವವರು ‘ಅಜ್ಜಿ’ಯೋ ‘ಅಣ್ಣ’ನೋ ಆಗಲಿ. ‘ಅಕ್ಕ ಬಂದರು’ ಎಂದು ಮೊದಲು ನೀವು ಹೇಳಿ.

ತಿದ್ದುವಾಗ ಗದರಬೇಡಿ, ವಾಕ್ಯ ಕೊಡಿ

‘ಬಾ ಇಲ್ಲಿ’ ಎಂದ ಮಗುವಿಗೆ ‘ಬನ್ನಿ ಮಿಸ್’ ಎಂದು ಮೆಲ್ಲಗೆ ಹೇಳಿಕೊಡಿ. ಅದು ತೊದಲುತ್ತಲಾದರೂ ತಿರುಗಿ ಹೇಳಿದ ಕೂಡಲೇ ಎದ್ದು ಹೋಗಿ ಸ್ಲೇಟು ನೋಡಿ. ಮಾತಿಗೆ ಫಲ ಸಿಕ್ಕಿತೆಂದು ಅದಕ್ಕೆ ಗೊತ್ತಾಗಬೇಕು. ಭಾಷಣ ಬೇಡ. ಮನೆಯಲ್ಲಿ ಕನ್ನಡವಲ್ಲದ ಭಾಷೆ ಆಡುವ ಮಗುವಿಗೆ ಇನ್ನಷ್ಟು ದಿನ ಹಿಡಿಯುತ್ತದೆ.

ಆಟ ಇದಕ್ಕೆ ಒಳ್ಳೆಯ ಮೇಷ್ಟ್ರು. ಅಂಗಡಿ ಆಟ ಆಡಿಸಿ: ಒಬ್ಬ ಅಂಗಡಿಯವ, ಒಬ್ಬಳು ‘ಅರ್ಧ ಕೆಜಿ ಬೆಲ್ಲ ಕೊಡಿ’ ಎನ್ನುವ ಗಿರಾಕಿ. ಬೆಂಚುಗಳನ್ನು ಸಾಲಾಗಿ ಇಟ್ಟರೆ ಬಸ್. ಕಂಡಕ್ಟರ್, ಚೀಲ ಹೊತ್ತ ಅಜ್ಜಿ, ಮಗು ಎತ್ತಿಕೊಂಡ ತಾಯಿ. ಸೀಟು ಬಿಟ್ಟುಕೊಡುವವರು ಯಾರು ಎಂಬ ಚರ್ಚೆ ತಾನಾಗಿಯೇ ಹುಟ್ಟುತ್ತದೆ. ಪಾತ್ರಗಳನ್ನು ಅದಲುಬದಲು ಮಾಡಿ. ಗದ್ದಲ ಮಾಡುವ ಹುಡುಗನಿಗೇ ಅಜ್ಜಿಯ ಪಾತ್ರ ಕೊಡಿ, ನೋಡಿ ಏನಾಗುತ್ತದೆಂದು.

ಸರ್ಕಾರಿ ಶಾಲೆಯವರಿಗೆ ಇಲ್ಲಿ ಒಂದು ಅನುಕೂಲವಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಚಿಕ್ಕವರು ಟೀಚರ್‌ಗಿಂತ ಹೆಚ್ಚಾಗಿ ಮೂರನೇ ತರಗತಿಯವರನ್ನು ಅನುಕರಿಸುತ್ತಾರೆ. ಆ ದೊಡ್ಡವರನ್ನು ತಯಾರು ಮಾಡಿದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ.

ವಾರಕ್ಕೆ ಒಂದೇ ರೂಢಿ

ಹತ್ತು ನಿಯಮಗಳ ಚಾರ್ಟ್ ಗೋಡೆಗೆ ಅಂಟಿಸಿದರೆ ಇನ್‌ಸ್ಪೆಕ್ಟರಿಗೆ ಖುಷಿಯಾಗಬಹುದು, ಓದಲು ಬಾರದ ಮಕ್ಕಳಿಗೆ ಅದರಿಂದ ಏನೂ ಆಗದು. ಮೊದಲ ವಾರ ಬಾಗಿಲು ಮಾತ್ರ. ಎಲ್ಲರೂ ಎದ್ದು ನಿಂತು ಎಳೆದೆಳೆದು ಹೇಳುವ ‘ಗುಡ್ ಮಾರ್ನಿಂಗ್ ಟೀಚರ್’ ರಾಗವನ್ನು ದಯವಿಟ್ಟು ನಿಲ್ಲಿಸಿ. ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಹೆಸರು ಹೇಳಿ ನಮಸ್ಕರಿಸಿ, ಅವರೂ ನಮಸ್ಕರಿಸಲಿ. ಎರಡನೇ ವಾರ ಒಬ್ಬರು ಮಾತಾಡುವಾಗ ಕಾಯುವುದು. ಒಂದು ಮರದ ಚಮಚೆಯನ್ನು ‘ಮೈಕ್’ ಮಾಡಿ. ಅದು ಯಾರ ಕೈಯಲ್ಲಿದೆಯೋ ಅವರದೇ ಮಾತು. ಮೂರನೇ ವಾರ ಕೊಡುವುದು, ಕೊಳ್ಳುವುದು: ಎಸೆಯದೆ ಕೈಗೆ ಕೊಡುವುದು, ಕೇಳಿ ತೆಗೆದುಕೊಳ್ಳುವುದು. ಬಲಗೈಯಿಂದಲೇ ಕೊಡಬೇಕೆಂಬ ಪದ್ಧತಿ ನಮ್ಮಲ್ಲಿದೆ. ಆದರೆ ಎಡಚ ಮಗುವಿನ ಕೈಗೆ ಬಡಿಯಬೇಡಿ, ಎರಡೂ ಕೈ ಜೋಡಿಸಿ ಕೊಡುವುದನ್ನು ಎಲ್ಲರಿಗೂ ಕಲಿಸಿದರೆ ಸಮಸ್ಯೆಯೇ ಇರುವುದಿಲ್ಲ.

ಒಂದು ವಿನಾಯಿತಿ ಇರಲಿ. ‘ಒಂದಕ್ಕೆ ಹೋಗಬೇಕು ಮಿಸ್’ ಎಂದ ಮಗುವನ್ನು ಶಿಸ್ತಿನ ಹೆಸರಿನಲ್ಲಿ ಕಾಯಿಸಬಾರದು. ಚಡ್ಡಿ ಒದ್ದೆಯಾದರೆ ಅವಮಾನ ಮಗುವಿಗೆ, ತಪ್ಪು ನಮ್ಮದು.

ಊಟದ ಸಾಲು

ಮಧ್ಯಾಹ್ನದ ಅಕ್ಷರ ದಾಸೋಹವೇ ದಿನದ ಅತಿ ದೊಡ್ಡ ತರಗತಿ. ಕೈ ತೊಳೆಯುವ ನಲ್ಲಿಯ ಮುಂದೆ ಸರದಿ, ಬೇಕಾದಷ್ಟೇ ಹಾಕಿಸಿಕೊಳ್ಳುವುದು, ‘ಅಕ್ಕ, ಇನ್ನು ಸ್ವಲ್ಪ ಸಾರು ಹಾಕಿ’ ಎನ್ನುವುದು, ಪಕ್ಕದವನ ತಟ್ಟೆ ದಾಟದಿರುವುದು. ಯಾರು ಯಾರ ಪಕ್ಕ ಕೂರುತ್ತಾರೆಂದು ಒಂದು ವಾರ ಸುಮ್ಮನೆ ಗಮನಿಸಿ. ಯಾರಾದರೊಬ್ಬರು ಸದಾ ಸಾಲಿನ ತುದಿಯಲ್ಲೇ ಇದ್ದರೆ ಕಾರಣ ನಿಮಗೇ ಹೊಳೆಯುತ್ತದೆ. ಆಗ ಉಪದೇಶ ಬೇಡ. ಪ್ರತಿದಿನ ಚೀಟಿ ಎತ್ತಿ ಜಾಗ ಬದಲಿಸಿ, ನೀವೂ ತಟ್ಟೆ ಹಿಡಿದು ಆ ಸಾಲಿನಲ್ಲೇ ಕೂತು ಉಣ್ಣಿ.

‘ಸಾರಿ’ ಸಾಕಾಗುವುದಿಲ್ಲ

‘ಮಿಸ್, ಇವನು ನನ್ನ ಪೆನ್ಸಿಲ್ ಮುರಿದ.’ ‘ಸಾರಿ ಹೇಳು.’ ‘ಸಾರಿ.’ ಮುಗಿಯಿತು, ಮುರಿದ ಪೆನ್ಸಿಲ್ ಮುರಿದೇ ಇರುತ್ತದೆ. ಇಬ್ಬರನ್ನೂ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ: ಏನಾಯಿತು? ಅವಳಿಗೆ ಹೇಗನ್ನಿಸಿತು? ಈಗ ಏನು ಮಾಡೋಣ? ಹುಡುಗ ಮೆಂಡರ್ ತಂದು ಪೆನ್ಸಿಲ್ ಹೆರೆದುಕೊಡಲಿ. ‘ಠೂ’ ಬಿಟ್ಟವರನ್ನು ಅವತ್ತೇ ಒಂದು ಮಾಡಿಸುವ ಅವಸರವೂ ಬೇಡ; ಆಟದ ಬೆಲ್ ಹೊಡೆಯುವ ಹೊತ್ತಿಗೆ ಅವರೇ ಸರಿಹೋಗುತ್ತಾರೆ.

ಇನ್ನು ಬಸ್ಕಿ, ಕಿವಿ ಹಿಂಡುವುದು, ಮಂಡಿಯೂರಿಸುವುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ನಿಮ್ಮಪ್ಪ ಅಮ್ಮ ಇದನ್ನೇ ಕಲಿಸಿದ್ದಾರಾ?’ ಎಂದು ಎಲ್ಲರೆದುರು ಕೇಳುವುದು ಬೆತ್ತಕ್ಕಿಂತ ಹೆಚ್ಚು ಚುರುಗುಟ್ಟುತ್ತದೆ. ತಿದ್ದುವ ಮಾತನ್ನು ಹತ್ತಿರ ಕರೆದು, ಅವರ ಎತ್ತರಕ್ಕೆ ಬಗ್ಗಿ, ಬೇರೆಯವರಿಗೆ ಕೇಳದಂತೆ ಹೇಳಿ.

ದಸರೆಯ ನಂತರ

ಇಷ್ಟೆಲ್ಲ ಮಾಡಿದರೆ ದಸರಾ ರಜೆಯ ಹೊತ್ತಿಗೆ ತರಗತಿ ಒಂದು ಹದಕ್ಕೆ ಬಂದಿರುತ್ತದೆ. ರಜೆ ಮುಗಿಸಿ ಬಂದ ಮಕ್ಕಳು ಬಾಗಿಲಲ್ಲಿ ಒಬ್ಬರನ್ನೊಬ್ಬರು ತಳ್ಳಿಕೊಂಡು ಒಳಗೆ ನುಗ್ಗುತ್ತಾರೆ, ಯಾರೋ ಒಬ್ಬಳು ‘ಮಿಸ್, ನೀನು ಊರಿಗೆ ಹೋಗಿದ್ದೆಯಾ?’ ಎಂದು ಕೇಳುತ್ತಾಳೆ. ಊರಿನ ಸಮಾಚಾರ ಹೇಳಿ. ಮರುದಿನ ಬೆಳಿಗ್ಗೆ ಮತ್ತೆ ಬಾಗಿಲಲ್ಲಿ ನಿಂತುಕೊಳ್ಳಿ.