ಕಂಬಳಕ್ಕೆ ಹಾಕಿದ ಫಿಲ್ಟರನ್ನು ದೀಪೋತ್ಸವಕ್ಕೆ ತೆಗೆದಿಟ್ಟೆ

ಕರಾವಳಿಯ ಕಂಬಳಗಳ ಚಿತ್ರ ತೆಗೆಯಲು ಆರಂಭಿಸಿದ ಹೊಸತರಲ್ಲಿ ನಾನು ಲೆನ್ಸಿನ ಮುಂದೆ ಒಂದು ಯುವಿ ಫಿಲ್ಟರನ್ನು, ಅಂದರೆ ಅತಿನೇರಳೆ ಕಿರಣಗಳನ್ನು ತಡೆಯುವ ಗಾಜನ್ನು, ತಿರುಗಿಸಿ ಕೂರಿಸಿದವನು ವರ್ಷಗಟ್ಟಲೆ ಅದನ್ನು ಬಿಚ್ಚಲಿಲ್ಲ. ಕೋಣಗಳು ಓಟ ಮುಗಿಯುವ ಮಂಜೊಟ್ಟಿಯತ್ತ ಧಾವಿಸುವಾಗ, ಅದರಲ್ಲೂ ತೂತುಗಳಿರುವ ಹಲಗೆಯ ಮೇಲೆ ನಿಂತು ಓಡಿಸುವ ಕನೆಹಲಗೆ ಓಟದಲ್ಲಿ ನೀರು ಮೇಲೆ ಅಡ್ಡಕಟ್ಟಿದ ನಿಶಾನೆ ಬಟ್ಟೆಯೆತ್ತರಕ್ಕೆ ಚಿಮ್ಮುವಾಗ, ಕರೆಯ (ಕೆಸರಿನ ಓಟದ ಹಾದಿಯ) ಅಂಚಿನಲ್ಲಿ ನಿಂತವರ ಕ್ಯಾಮೆರಾಕ್ಕೆ ಕೆಸರು ಸಿಡಿಯುವುದು ಖಂಡಿತ. ಆ ಕೆಸರಿನಲ್ಲಿ ಮರಳಿನ ಕಣಗಳಿರುತ್ತವೆ. ಅವಸರದಲ್ಲಿ ಬಟ್ಟೆಯಿಂದ ಒರೆಸಿದರೆ ಲೆನ್ಸಿನ ಗಾಜಿನ ಮೇಲಿನ ಲೇಪನಕ್ಕೆ ಗೀರು ಬೀಳುತ್ತದೆ. ಫಿಲ್ಟರಾದರೆ ಬಿಚ್ಚಿ, ನೀರಿನಲ್ಲಿ ತೊಳೆದು, ಒಣಗಿಸಿ ಮತ್ತೆ ಹಾಕಬಹುದು. ಇಷ್ಟರಮಟ್ಟಿಗೆ ಅದರ ಉಪಕಾರವನ್ನು ನಾನು ಇಂದಿಗೂ ಒಪ್ಪುತ್ತೇನೆ.

ನನ್ನ ಅಭಿಪ್ರಾಯ ಬದಲಾದದ್ದು ಧರ್ಮಸ್ಥಳದ ಲಕ್ಷದೀಪೋತ್ಸವದ ಚಿತ್ರಗಳನ್ನು ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದಾಗ. ಎಡಭಾಗದ ಮೇಲೆ ದೀಪವಿದ್ದರೆ ಬಲಭಾಗದ ಕೆಳಗೆ, ಕತ್ತಲಿನ ನಡುವೆ, ಅದೇ ದೀಪದ ತಲೆಕೆಳಗಾದ ಹಸಿರು ನೆರಳು ಕಾಣುತ್ತಿತ್ತು. ಪ್ರಖರ ಬೆಳಕು ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿಗೆ ತಾಗಿ ಹಿಂದಿರುಗಿ, ಫಿಲ್ಟರಿನ ಚಪ್ಪಟೆ ಗಾಜಿನಿಂದ ಪ್ರತಿಫಲಿಸಿ, ಮತ್ತೆ ಸೆನ್ಸರಿನ ಮೇಲೆ ಬಿದ್ದುದರ ಫಲ ಅದು. ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ಬೆಳಕಿನ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಕಳುಹಿಸುತ್ತದೆ. ಒಳ್ಳೆಯ ಬಹುಪದರ ಲೇಪನವಿದ್ದರೆ ಅದು ಶೇ. 1ಕ್ಕಿಂತ ಕಡಿಮೆ. ಕಡಿಮೆ ಬೆಲೆಗೆ ಕೊಂಡ ನನ್ನ ಫಿಲ್ಟರಿನಲ್ಲಿ ಹೇಳಿಕೊಳ್ಳುವಂಥ ಲೇಪನವಿರಲಿಲ್ಲ.

ಯುವಿ ಎಂಬ ಹೆಸರಿಗೂ ಈಗ ಹೆಚ್ಚಿನ ಅರ್ಥ ಉಳಿದಿಲ್ಲ. ಅತಿನೇರಳೆ ಕಿರಣಗಳು ದೂರದ ಬೆಟ್ಟಗಳನ್ನು ನೀಲಿಯಾಗಿ ಮಸುಕುಗೊಳಿಸುತ್ತಿದ್ದುದು ಫಿಲಂ ಕಾಲದ ತೊಂದರೆ. ಡಿಜಿಟಲ್ ಕ್ಯಾಮೆರಾಗಳ ಸೆನ್ಸರಿನ ಮುಂದೆ ಆ ಕಿರಣಗಳನ್ನು ತಡೆಯುವ ಗಾಜು ಮೊದಲೇ ಇರುತ್ತದೆ.

ಬಿದ್ದಾಗ ಫಿಲ್ಟರು ಲೆನ್ಸನ್ನು ಉಳಿಸುತ್ತದೆಂಬ ಮಾತನ್ನೂ ನಾನು ಪೂರ್ತಿ ನಂಬುವುದಿಲ್ಲ. ಒಮ್ಮೆ ಗದ್ದೆಯ ಕಲ್ಲುಕಟ್ಟೆಗೆ ತಾಗಿ ಫಿಲ್ಟರು ಒಡೆದಾಗ ಅದರ ಚೂರುಗಳೇ ಲೆನ್ಸಿನ ಮುಂಭಾಗದ ಗಾಜಿಗೆ ಸಣ್ಣ ಗೀರು ಹಾಕಿದವು. ಆ ಗೀರು ಇಂದಿಗೂ ಇದೆ, ಚಿತ್ರಗಳಲ್ಲಿ ಮಾತ್ರ ಅದು ನನ್ನ ಕಣ್ಣಿಗೆ ಬಿದ್ದಿಲ್ಲ. ಪೆಟ್ಟಿನಿಂದ ಕಾಪಾಡಿಕೊಳ್ಳಲು ನಾನೀಗ ಆಶ್ರಯಿಸಿರುವುದು ಲೆನ್ಸಿನ ಬಾಯಿಯ ಸುತ್ತ ಮುಂಚಾಚುವ ಮರೆಯಾದ ಹುಡ್ಡನ್ನು. ಓರೆಯಾಗಿ ಬೀಳುವ ಬೆಳಕನ್ನೂ ಅದೇ ತಡೆಯುತ್ತದೆ.

ಆದ್ದರಿಂದ ಕೆಸರು, ಕಡಲಿನ ಉಪ್ಪುನೀರು, ಹಾರುವ ಧೂಳು ಇರುವಲ್ಲಿ ಬಹುಪದರ ಲೇಪನದ ಫಿಲ್ಟರು ಹಾಕುತ್ತೇನೆ. ದೀಪಗಳೆದುರು, ಮುಳುಗುವ ಸೂರ್ಯನೆದುರು ತೆಗೆಯುತ್ತೇನೆ. ಕಷ್ಟವಿರುವುದು ರಾತ್ರಿಯ ಕಂಬಳದಲ್ಲಿ, ಏಕೆಂದರೆ ಅಲ್ಲಿ ಕೆಸರೂ ಇದೆ, ಎದುರಿಗೆ ಪ್ರಖರ ದೀಪಗಳೂ ಇವೆ. ಅಲ್ಲಿ ಫಿಲ್ಟರನ್ನು ಹಾಗೆಯೇ ಇಟ್ಟು, ದೀಪಗಳು ಚೌಕಟ್ಟಿನೊಳಗೆ ಬಾರದ ಜಾಗವನ್ನು ಸಂಜೆಯ ಬೆಳಕಿರುವಾಗಲೇ ನೋಡಿಟ್ಟುಕೊಳ್ಳುತ್ತೇನೆ. ದೀಪಗಳೂ ಚಿತ್ರದಲ್ಲಿ ಬೇಕೆನಿಸಿದಾಗ ಕರೆಯಿಂದ ದೂರ ಸರಿದು, ಫಿಲ್ಟರು ಬಿಚ್ಚಿ, ಉದ್ದದ ಲೆನ್ಸಿನಲ್ಲಿ ತೆಗೆಯುತ್ತೇನೆ.