ಒಂದು ವಾರ ಅಡುಗೆಮನೆಯಲ್ಲಿಟ್ಟ ಬಿಳಿ ಕಲ್ಲು

ಮೈಸೂರಿನಲ್ಲಿ ಮನೆ ಕಟ್ಟಿಸಿಕೊಡುವ ಕೆಲಸಕ್ಕೆ ಇಳಿದು ಹದಿನೆಂಟು ವರ್ಷವಾಯಿತು. ಬೇರೆಯವರ ಮನೆಗೆ ಅವರು ಒಪ್ಪಿದ ಮಾರ್ಬಲ್ಲನ್ನೇ ತಂದು ಹಾಕಿಸುತ್ತಿದ್ದೆ. ನಮ್ಮದೇ ಮನೆಯ ಹಾಲ್ ಮತ್ತು ದೇವರಮನೆಗೆ ಬಿಳಿ ಅಮೃತಶಿಲೆ ಎಂದು ತೀರ್ಮಾನವಾದಾಗ, ಪ್ರತಿ ಸ್ಲ್ಯಾಬನ್ನೂ ನಾನೇ ಮುಟ್ಟಿ ನೋಡಿ ತರಬೇಕು ಅಂದುಕೊಂಡೆ. ಅದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ನಾನು ಹಾಕಿಸಿದ ಒಂದು ಬಿಳಿ ನೆಲ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಬಾಗಿಲ ಹತ್ತಿರ ಹಳದಿಗಟ್ಟಿತ್ತು. ಕಲ್ಲಿನೊಳಗಿನ ಕಬ್ಬಿಣದ ಅಂಶ ತೇವ ಹೀರಿ ತುಕ್ಕಾಗಿತ್ತು. ಆ ಮನೆಯ ಯಜಮಾನರು ಒಂದು ಮಾತೂ ಆಡಲಿಲ್ಲ. ಆ ಮೌನ ಇವತ್ತಿಗೂ ಚುಚ್ಚುತ್ತದೆ.

ಮೊದಲು ಅಂಗೈಯಗಲದ ಮೂರು ತುಂಡು ತರಿಸಿದೆ: ರಾಜಸ್ಥಾನದ ಮಕ್ರಾನಾದ್ದು ಒಂದು, ಅದೇ ರಾಜ್ಯದ್ದು, ಮೆಗ್ನೀಷಿಯಂ ಹೆಚ್ಚಿರುವ ಡಾಲಮೈಟ್ ಜಾತಿಯದು ಒಂದು, ಇಟಲಿಯ ಸ್ಟ್ಯಾಚುವಾರಿಯೊ ಅನ್ನುವ ಬಿಳಿ ಮಾರ್ಬಲ್ ಒಂದು. ಒಂದು ವಾರ ಅವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಅಮ್ಮನಿಗೆ ಒಪ್ಪಿಸಿದೆ. ಅರಿಶಿನದ ನೀರು, ಹುಣಸೆರಸ, ಎಣ್ಣೆ, ಫಿಲ್ಟರ್ ಕಾಫಿ, ಕುಂಕುಮ, ಎಲ್ಲವೂ ಅವುಗಳ ಮೇಲೆ ಬಿದ್ದವು. ಅರಿಶಿನದ ಕಲೆ ಬಿಸಿಲಿಗಿಟ್ಟ ಮೇಲೆ ಬಹುಪಾಲು ಮಾಸಿತು. ಹುಣಸೆರಸ ಬಿದ್ದ ಜಾಗದಲ್ಲಿ ಮಾತ್ರ ಮೂರರಲ್ಲೂ ಮಂಕು ಉಂಗುರ ಉಳಿಯಿತು, ಡಾಲಮೈಟಿನಲ್ಲಿ ಸ್ವಲ್ಪ ಕಡಿಮೆ. ಎಷ್ಟು ಉಜ್ಜಿದರೂ ಹೋಗುವಂಥದ್ದಲ್ಲ ಅದು. ಕಲೆಯಾದರೆ ತೆಗೆಯಬಹುದು, ಇಲ್ಲಿ ಹುಳಿ ಕಲ್ಲಿನ ಸುಣ್ಣವನ್ನೇ ತಿಂದಿರುತ್ತದೆ. ಮತ್ತೆ ಪಾಲಿಶ್ ಹೊಡೆಸಿದರೇ ಹೊಳಪು ಬರುವುದು. ಅಮ್ಮ ಉಂಗುರದ ಮೇಲೆ ಬೆರಳಾಡಿಸಿ, "ಅಡುಗೆಮನೆಗೆ ಬೇಡಪ್ಪಾ ಇದು, ದೇವರಮನೆಗೆ ಇರಲಿ" ಅಂದರು. ಅಡುಗೆ ಕಟ್ಟೆಗೆ ಪಕ್ಕದ ಚಾಮರಾಜನಗರದ ಕರಿ ಗ್ರಾನೈಟೇ ಬಂತು.

ಇಟಲಿಯ ಕಲ್ಲಿನ ಬೂದು ಗೆರೆಗಳು ನಿಜಕ್ಕೂ ಚೆಂದ. ಆದರೆ ಅಂಥ ಸ್ಲ್ಯಾಬುಗಳಿಗೆ ಸಾಮಾನ್ಯವಾಗಿ ಹಿಂದೆ ಬಲೆ ಅಂಟಿಸಿ, ಬಿರುಕುಗಳಿಗೆ ರೆಸಿನ್ ಅನ್ನುವ ಅಂಟು ತುಂಬಿರುತ್ತಾರೆ. ನಮ್ಮ ಹಾಲಿಗೆ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ. ಬಿಸಿಲಿಗೆ ರೆಸಿನ್ ಹಳದಿಯಾಗುತ್ತದೆ ಅನ್ನುವುದೇ ನನ್ನ ತಡೆ. ತಾಜಮಹಲಿಗೂ ಕೋಲ್ಕತ್ತದ ವಿಕ್ಟೋರಿಯಾ ಮೆಮೋರಿಯಲ್‌ಗೂ ಹೋದದ್ದು ಮಕ್ರಾನಾದ ಕಲ್ಲು. ಅದರಲ್ಲಿ ದೊಡ್ಡ ಸ್ಲ್ಯಾಬು ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಅಳತೆ ಚಿಕ್ಕದಾದರೂ ಸರಿ, ಅದೇ ಇರಲಿ ಅಂದುಕೊಂಡು ರಾಜಸ್ಥಾನದ ಅಜ್ಮೇರ್ ಜಿಲ್ಲೆಯ ಮಾರ್ಬಲ್ ಮಾರುಕಟ್ಟೆ ಕಿಶನ್‌ಗಢಕ್ಕೆ ಹೊರಟೆ. ಜೊತೆಗೆ ಕಲ್ಲು ಕೂರಿಸುವ ನಮ್ಮ ಮೇಸ್ತ್ರಿ. ಅವರು ಆ ಕಡೆಯವರೇ, ಮೈಸೂರಿಗೆ ಬಂದು ಕನ್ನಡ ಕಲಿತವರು.

ಶೆಡ್ಡಿನೊಳಗೆ ನಿಂತರೆ ಎಲ್ಲ ಕಲ್ಲೂ ಬೆಳ್ಳಗೇ ಕಾಣುತ್ತದೆ. "ಹೊರಗೆ ತೆಗೆಸಿ ಸಾರ್, ಆಮೇಲೆ ಹಿಂದೆ ನೋಡಿ" ಅಂದರು ಮೇಸ್ತ್ರಿ. ಬಯಲಿಗೆ ತೆಗೆಸಿದ ಮೊದಲ ಸ್ಲ್ಯಾಬೇ ಬೂದು ಬಣ್ಣಕ್ಕೆ ತಿರುಗಿತು. ಇನ್ನೊಂದಕ್ಕೆ ಒಂದು ಕೊಡ ನೀರು ಸುರಿದು, ಆರುವವರೆಗೂ ಮುಂದೆಯೇ ನಿಂತೆವು. ಕಲ್ಲು ಆಯ್ಕೆ ಮಾಡುವ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ನನಗೆ ಗೊತ್ತಿಲ್ಲ. ಒದ್ದೆಯಾದಾಗ ಅಡಗಿದ್ದ ಕಂದು ಗೆರೆ ಮೇಲೆ ಬರುತ್ತದೆ. ಸೀಳು ಇದ್ದ ಕಡೆ ನೀರು ಕೊನೆಗೆ ಆರುತ್ತದೆ. ಮಿಕ್ಕಿದ್ದೆಲ್ಲ ಒಣಗಿದ ಮೇಲೂ ಅಲ್ಲೊಂದು ಕೂದಲೆಳೆಯಷ್ಟು ಕಪ್ಪು ಉಳಿದಿರುತ್ತದೆ. ಆ ಸ್ಲ್ಯಾಬಿನಲ್ಲಿ ಅಂಥವು ಮೂರಿದ್ದವು. ಮುಂಭಾಗದಲ್ಲಿ ಮುಚ್ಚಿದ್ದು ಹಿಂಭಾಗದಲ್ಲಿ ಬಾಯಿ ತೆರೆದು ನಿಂತಿತ್ತು. ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಕಲ್ಲು ಕಣಕಣ ಅನ್ನುತ್ತದೆ, ಇದು ಮಡಕೆ ಒಡೆದ ಹಾಗೆ ಸದ್ದು ಮಾಡಿತು.

ಇನ್ನೊಂದು ವಿಷಯ ಲಾಟ್. ಒಂದೇ ಬಂಡೆಯಿಂದ ಸೀಳಿದ ಸ್ಲ್ಯಾಬುಗಳಿಗೆ ಸಾಲಾಗಿ ನಂಬರ್ ಬರೆದಿರುತ್ತಾರೆ. ಮೊದಲಿನದಕ್ಕೂ ಕೊನೆಯದಕ್ಕೂ ಬಣ್ಣ ಬೇರೆ ಇರಬಹುದು. ಅದಕ್ಕೇ ಎರಡು ತುದಿಯನ್ನೂ ತೆಗೆಸಿ ಪಕ್ಕಪಕ್ಕ ಇಟ್ಟು ನೋಡಿದೆ, ಒಪ್ಪಿದ ಪ್ರತಿ ಸ್ಲ್ಯಾಬಿನ ಹಿಂದೆ ಸಹಿ ಹಾಕಿ ಫೋಟೋ ತೆಗೆದುಕೊಂಡೆ. ನೆಲ 620 ಚದರಡಿ, ಕೊಂಡದ್ದು 720. ಮೂಲೆ ಒಡೆದದ್ದು, ಓರೆಯಾದದ್ದು ಅಳತೆಯಲ್ಲಿ ಕಳೆಯಲೇಬೇಕು ಎಂದು ಪಟ್ಟು ಹಿಡಿದೆ.

ಲಾರಿ ಬಂದ ಮೇಲೆ ಹತ್ತು ದಿನ ಕಲ್ಲನ್ನು ನೆರಳಿನಲ್ಲಿ ನಿಲ್ಲಿಸಿ ಒಣಗಿಸಿದೆವು. ಮೊದಲು ಗಾರೆಯಿಲ್ಲದೆ ನೆಲದ ಮೇಲೆ ಹರಡಿ ಗೆರೆ ಹೊಂದಿಸಿದ್ದಾಯಿತು. ಮಸುಕಾದ ಎರಡು ತುಂಡು ಸೋಫಾ ಬರುವ ಜಾಗಕ್ಕೆ ಹೋದವು. ಕೂರಿಸುವಾಗ ಕಲ್ಲಿನ ಕೆಳಗೆ ಬಿಳಿ ಸಿಮೆಂಟನ್ನೇ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಹಾಕಿಸಿದೆ. ಬಿಳಿ ಮಾರ್ಬಲ್ಲಿನೊಳಗೆ ಬೆಳಕು ಸ್ವಲ್ಪ ಇಳಿಯುತ್ತದೆ, ಕೆಳಗೆ ಬೂದು ಸಿಮೆಂಟಿದ್ದರೆ ಅದರ ನೆರಳು ಮೇಲೆ ಕಾಣುತ್ತದೆ. ತಳ ಪೂರ್ತಿ ಒಣಗುವವರೆಗೆ ಪಾಲಿಶ್ ಮಾಡಿಸಲಿಲ್ಲ. ಗೃಹಪ್ರವೇಶದ ದಿನ ಹತ್ತಿರವಿದೆ ಎಂದು ಮನೆಯವರೆಲ್ಲ ಅವಸರ ಮಾಡಿದರು, ನಾನು ಒಪ್ಪಲಿಲ್ಲ.

ಈಗ ಮೂರು ಮಳೆಗಾಲ ಕಳೆದಿದೆ. ಮಿಕ್ಕ ಎರಡು ಸ್ಲ್ಯಾಬನ್ನು ಹಿತ್ತಲ ಗೋಡೆಗೆ ಒರಗಿಸಿ, ಮೇಲೆ ಟಾರ್ಪಾಲ್ ಹೊದಿಸಿ ಇಟ್ಟಿದ್ದೇನೆ. ಬೇಕೆಂದು ಇಬ್ಬರು ಕೇಳಿದರು, ಕೊಡಲಿಲ್ಲ. ಆ ಬಂಡೆಯಲ್ಲಿ ಉಳಿದಿರುವುದು ಅವೆರಡೇ.