ಅಳಿಸಿದ ದೃಶ್ಯ, ಅಳಿಸಿಹೋದ ಪ್ರಶ್ನೆ

ಸಾಕ್ಷ್ಯಚಿತ್ರಗಳ ಸಂಕಲನ ನನ್ನ ವೃತ್ತಿ. ನೆರೆ, ಬರ, ಯುದ್ಧಗಳಲ್ಲಿ ಸಿಕ್ಕಿಕೊಂಡ, ನಾನು ಎಂದೂ ಭೇಟಿಯಾಗದ ಜನರ ಸಂಕಟವನ್ನು ವರ್ಷಗಟ್ಟಲೆ ಒಂದು ಕತ್ತಲೆ ಕೋಣೆಯಲ್ಲಿ ಕುಳಿತು ಕತ್ತರಿಸಿ ಜೋಡಿಸಿದ್ದೇನೆ. ದೂರದ ನೋವನ್ನು ತೆರೆಯ ಮೇಲೆ ನೋಡಿದವರು ಏಕೆ ಕೈಕಟ್ಟಿ ಕುಳಿತುಬಿಡುತ್ತಾರೆ ಎಂದು ಯಾರಾದರೂ ಕೇಳಿದರೆ, ಇಂಥವನ್ನು ನೋಡಿ ನೋಡಿ ಜನರ ಮನಸ್ಸು ಜಡ್ಡುಗಟ್ಟಿದೆ ಎಂದು ನಾನೂ ಸಲೀಸಾಗಿ ಉತ್ತರಿಸುತ್ತಿದ್ದೆ. ಈಗ ಹಾಗೆ ಹೇಳಲಾರೆ. ಅವರನ್ನು ಹಾಗೆ ಕೂರಿಸುವ ಕೆಲಸದಲ್ಲಿ ನನ್ನ ಕೈಯೂ ಇತ್ತು ಎಂಬುದು ಒಂದು ದೃಶ್ಯದ ಮೂಲಕ ನನಗೆ ಮನದಟ್ಟಾಯಿತು.

ನೆರೆಯಲ್ಲಿ ಮನೆ ಕಳೆದುಕೊಂಡವರ ಕುರಿತ ಚಿತ್ರ ಅದು. ಪರಿಹಾರ ಶಿಬಿರವೊಂದರ ಮೆಟ್ಟಿಲ ಮೇಲೆ ಕುಳಿತ ಮಹಿಳೆಯೊಬ್ಬರನ್ನು ನಮ್ಮ ಛಾಯಾಗ್ರಾಹಕ ಸುಮಾರು ಇಪ್ಪತ್ತೆರಡು ನಿಮಿಷ ಚಿತ್ರೀಕರಿಸಿದ್ದ. ಅದರಿಂದ ನಾನು ಒಂದು ನಿಮಿಷ ನಲವತ್ತು ಸೆಕೆಂಡಿನ ದೃಶ್ಯ ಕಟ್ಟಿದೆ. ಮೊದಲು ಉದ್ದದ ಲೆನ್ಸಿನಲ್ಲಿ ತೆಗೆದ ಆಕೆಯ ಮುಖ; ಹಿನ್ನೆಲೆಯೆಲ್ಲ ಮಸುಕಾಗಿ ಕರಗಿಹೋಗಿರುವುದರಿಂದ ಆಕೆ ಎಲ್ಲಿ ಕುಳಿತಿದ್ದಾರೆಂದು ತಿಳಿಯುವುದಿಲ್ಲ. ಆಮೇಲೆ ದೊಡ್ಡ ಕಣ್ಣು ಬಿಟ್ಟು ನೋಡುವ ಒಂದು ಮಗು. ಮತ್ತೆ ಆಕೆಯ ಮುಖ. ಸೆಕೆಂಡಿಗೆ 50 ಫ್ರೇಮಿನಂತೆ ತೆಗೆದದ್ದನ್ನು 25ರಲ್ಲಿ ಓಡಿಸಿದ್ದರಿಂದ ಕಣ್ಣೀರು ಕೆನ್ನೆಗೆ ಇಳಿಯಲು ಎರಡು ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ. ಅಡಿಯಲ್ಲಿ ಒಂಟಿ ತಂತಿವಾದ್ಯದ ಎಳೆ. ಆ ಮಗುವಿನ ಶಾಟ್ ಮಾರನೆಯ ದಿನದ್ದು. ಅದು ನೋಡುತ್ತಿದ್ದುದು ಆಕೆಯನ್ನಲ್ಲ, ನಮ್ಮ ಮೈಕಿಗೆ ಹಾಕಿದ್ದ ತುಪ್ಪಳದ ಹೊದಿಕೆಯನ್ನು.

ಇದರಲ್ಲಿ ಅಂಥ ಮೋಸವೇನಿದೆ ಎಂದು ಆಗ ನನಗೆ ಅನ್ನಿಸಿರಲಿಲ್ಲ, ಏಕೆಂದರೆ ಇದು ನಮ್ಮ ಕಸುಬಿನ ಮೊದಲ ಪಾಠ. ನೂರು ವರ್ಷಗಳ ಹಿಂದೆ ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ನಿರ್ಭಾವದ ಮುಖವನ್ನು ಬೇರೆ ಬೇರೆ ಶಾಟ್‌ಗಳ ಪಕ್ಕದಲ್ಲಿಟ್ಟು, ನೋಡುವವರು ಆ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ತಾವೇ ಓದಿಕೊಳ್ಳುತ್ತಾರೆ ಎಂದು ತೋರಿಸಿದ್ದ. ಮಗುವಿನ ಕಣ್ಣಲ್ಲಿ ಕರುಣೆಯನ್ನು ಇಟ್ಟವರು ಪ್ರೇಕ್ಷಕರೇ. ನಾನು ಮಾಡಿದ್ದು ಎರಡು ತುಣುಕುಗಳನ್ನು ಅಂಟಿಸಿದ್ದಷ್ಟೇ ಎಂದುಕೊಂಡಿದ್ದೆ. ಅದಕ್ಕಿಂತ ಸೂಕ್ಷ್ಮವಾದ ಸಂಗತಿಯನ್ನು ಆಗ ಗಮನಿಸಿರಲಿಲ್ಲ: ನೋಡಬೇಕಾದ ಕೆಲಸವನ್ನೂ ಮರುಗಬೇಕಾದ ಕೆಲಸವನ್ನೂ ಪ್ರೇಕ್ಷಕರ ಪರವಾಗಿ ಆ ಮಗುವೇ ಮಾಡಿ ಮುಗಿಸುತ್ತಿತ್ತು.

ಪ್ರದರ್ಶನದಲ್ಲಿ ಜನ ಅತ್ತರು. ದೀಪ ಹತ್ತಿದಾಗ ಹಿರಿಯರೊಬ್ಬರು ನನ್ನ ಕೈ ಹಿಡಿದುಕೊಂಡು ಕರುಳು ಕಿತ್ತು ಬಂದಂತಾಯಿತು ಎಂದರು. ನನಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆಕೆಯ ಹೆಸರೇನು, ಅದು ಯಾವ ತಿಂಗಳು, ಶಿಬಿರ ಇನ್ನೂ ಇದೆಯೇ ಎಂದು ಒಬ್ಬರೂ ಕೇಳಲಿಲ್ಲ. ಕೇಳುವ ಅಗತ್ಯ ಬಾರದಂತೆ ದೃಶ್ಯ ಪೂರ್ತಿಯಾಗಿತ್ತು.

ಐದು ತಿಂಗಳ ಮೇಲೆ ಚಿತ್ರದ ಕಿರು ಆವೃತ್ತಿಯೊಂದನ್ನು ಸಿದ್ಧಪಡಿಸಲೆಂದು ಮೂಲ ರಶಸ್, ಅಂದರೆ ಕತ್ತರಿಸದ ಕಚ್ಚಾ ಚಿತ್ರೀಕರಣ, ತೆರೆದೆ. ನಾನು ಕತ್ತರಿ ಹಾಕಿದ್ದ ಬಿಂದುವಿನಿಂದ ಮುಂದಕ್ಕೆ ಶಾಟ್ ಓಡುತ್ತಲೇ ಇತ್ತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ನೇರವಾಗಿ ಲೆನ್ಸಿನ ಪಕ್ಕಕ್ಕೆ, ಅಂದರೆ ಛಾಯಾಗ್ರಾಹಕನ ಮುಖಕ್ಕೆ ಕಣ್ಣಿಟ್ಟು, ನೀವು ಇವತ್ತೇ ಹೊರಡುತ್ತೀರಾ ಎಂದು ಕೇಳುತ್ತಾರೆ. ಅವನು ಏನೋ ಗೊಣಗುತ್ತಾನೆ. ಆಕೆ ಪಕ್ಕದಲ್ಲಿದ್ದ ಗಂಟು ಬಿಚ್ಚಿ, ನಾಲ್ಕು ಮಡಿಕೆಯ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿನಿಂದ ಒಂದು ಅರ್ಜಿಯನ್ನು ಹೊರತೆಗೆಯುತ್ತಾರೆ. ಸಂತ್ರಸ್ತರ ಪಟ್ಟಿಯಲ್ಲಿ ಆಕೆಯ ಹೆಸರಿನ ಒಂದು ಅಕ್ಷರ ತಪ್ಪಾಗಿ ಬಿದ್ದಿತ್ತು. ಅದನ್ನು ಸರಿಪಡಿಸಿಕೊಡಿ ಎಂಬ ಅರ್ಜಿ ಅದು. ದಾರಿಯಲ್ಲಿ ಕೊಟ್ಟು ಹೋಗುತ್ತೀರಾ ಎಂದು ಕೇಳುತ್ತಾರೆ. ಈ ಭಾಗಕ್ಕೆ ನನ್ನ ಲಾಗ್ ಶೀಟಿನಲ್ಲಿ ನಾನೇ ಬರೆದಿದ್ದ ಟಿಪ್ಪಣಿ ಹೀಗಿತ್ತು: ‘ಕ್ಯಾಮೆರಾದ ಜೊತೆ ಮಾತು. ಉಪಯೋಗವಿಲ್ಲ.’

ನಾನು ಕಣ್ಣೀರನ್ನು ಇಟ್ಟುಕೊಂಡು ಬೇಡಿಕೆಯನ್ನು ಬಿಸಾಡಿದ್ದೆ. ಅಳುವುದರ ಹೊರತು ಬೇರೇನೂ ತೋಚದ ಹೆಂಗಸಾಗಿ ತೆರೆಯ ಮೇಲೆ ಬಂದವರು, ನಿಜದಲ್ಲಿ ಅತ್ತು ಮುಗಿಸಿ ಒಂದು ನಿರ್ದಿಷ್ಟ ಕೆಲಸವನ್ನು ಒಬ್ಬ ನಿರ್ದಿಷ್ಟ ಮನುಷ್ಯನಿಗೆ ಒಪ್ಪಿಸುತ್ತಿದ್ದರು.

ಏಕೆ ಹಾಗೆ ಮಾಡಿದೆ ಎಂದು ಯೋಚಿಸುವಾಗ ನನಗೆ ನೆರವಿಗೆ ಬಂದದ್ದು ಸಿನಿಮಾ ಪಾಠಗಳಲ್ಲ, ಕಾಲೇಜಿನಲ್ಲಿ ಅರೆಮನಸ್ಸಿನಿಂದ ಓದಿದ್ದ ಕಾವ್ಯಮೀಮಾಂಸೆ. ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ಏಳು ರಸವಿಘ್ನಗಳನ್ನು, ಅಂದರೆ ನೋಡುವವರು ರಸವನ್ನು ಸವಿಯಲು ಅಡ್ಡಬರುವ ತೊಡಕುಗಳನ್ನು, ಹೇಳುತ್ತಾನೆ. ಇದು ನನ್ನದು, ಇದು ಇನ್ನೊಬ್ಬನದು ಎಂಬ ಎಣಿಕೆಯೊಡನೆ ನಿರ್ದಿಷ್ಟ ದೇಶಕಾಲಗಳಿಗೆ ಅಂಟಿಕೊಳ್ಳುವುದು ಅವುಗಳಲ್ಲೊಂದು. ಆ ಅಂಟು ಬಿಟ್ಟಾಗಲೇ ಶೋಕವು ಯಾರದ್ದೂ ಅಲ್ಲದ, ಎಲ್ಲರದ್ದೂ ಆದ ಭಾವವಾಗಿ ಕರುಣರಸಕ್ಕೆ ಏರುತ್ತದೆ, ಅತ್ತರೂ ಆನಂದವಾಗುತ್ತದೆ. ರಂಗದ ಮೇಲಿನ ನಾಟಕಕ್ಕೆ ಇದು ಒಪ್ಪುವ ಮಾತೇ. ಆದರೆ ನಾನು ಸಂಕಲನದ ಹೆಸರಿನಲ್ಲಿ ಮಾಡುತ್ತಿದ್ದುದು, ಬದುಕಿರುವ ಒಬ್ಬ ವ್ಯಕ್ತಿಯ ಸುತ್ತಲಿನ ವಿಘ್ನಗಳನ್ನೆಲ್ಲ ಒಂದೊಂದಾಗಿ ಕಿತ್ತುಹಾಕುವ ಕೆಲಸ. ಹೆಸರು ಒಂದು ವಿಘ್ನ, ತಾರೀಖು ಒಂದು ವಿಘ್ನ, ಹಿಂದೆ ಕೂಗುತ್ತಿದ್ದ ಧ್ವನಿವರ್ಧಕ ಒಂದು ವಿಘ್ನ, ಛಾಯಾಗ್ರಾಹಕನ ಗೊಣಗಾಟ ಒಂದು ವಿಘ್ನ, ಆ ಅರ್ಜಿಯಂತೂ ಮಹಾವಿಘ್ನ. ಎಲ್ಲವನ್ನೂ ತೆಗೆದ ಮೇಲೆ ಉಳಿದದ್ದು ಶುದ್ಧ ಕರುಣೆ, ಎದುರಿಗೆ ಕುಳಿತವರು ರಸಿಕರು.

ಕನ್ನಡದಲ್ಲಿ ಅನ್ಯಾಯ ಕಂಡೂ ಸುಮ್ಮನಿರುವವರನ್ನು ಮೂಕಪ್ರೇಕ್ಷಕರು ಎಂದು ಜರೆಯುತ್ತೇವೆ. ಚಿತ್ರಮಂದಿರದಲ್ಲಾದರೋ ಮೂಕವಾಗಿ ಕೂರುವುದೇ ಪ್ರೇಕ್ಷಕನ ಮರ್ಯಾದೆ. ಅಲ್ಲಿ ಎದ್ದು ನಿಂತು ಕೂಗುವವನನ್ನು ಹೊರಗೆ ಕಳುಹಿಸುತ್ತಾರೆ. ಆದ್ದರಿಂದ ಸುಮ್ಮನೆ ಕುಳಿತದ್ದಕ್ಕಾಗಿ ಪ್ರೇಕ್ಷಕರನ್ನು ದೂರುವುದು ನನಗೆ ಸರಿಯೆನಿಸುವುದಿಲ್ಲ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಾಟಾನೆ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಪಕ್ಕದ ಕೋಣೆಯಲ್ಲಿ ಯಾರಿಗೋ ಮೂರ್ಛೆ ಬಂದ ಸದ್ದು ಇಂಟರ್‌ಕಾಮಿನಲ್ಲಿ ಕೇಳಿಸುತ್ತದೆ. ಅದನ್ನು ಕೇಳುತ್ತಿರುವವರು ತಾವೊಬ್ಬರೇ ಎಂದು ನಂಬಿದವರಲ್ಲಿ ಶೇಕಡ 85 ಮಂದಿ ಆ ಸದ್ದು ಮುಗಿಯುವುದರೊಳಗೆ ನೆರವು ಕರೆಯಲು ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ನಂಬಿದವರಲ್ಲಿ ಎದ್ದವರು ಶೇಕಡ 31 ಮಾತ್ರ. ಸಿನಿಮಾದಲ್ಲಿ ಈ ಲೆಕ್ಕ ಇನ್ನೂ ಕೆಡುತ್ತದೆ ಎಂಬುದು ನನ್ನ ಅನಿಸಿಕೆ. ಸುತ್ತ ಮುನ್ನೂರು ಜನ ಕುಳಿತಿರುತ್ತಾರೆ ಎಂಬುದಷ್ಟೇ ಅದಕ್ಕೆ ಕಾರಣವಲ್ಲ. ತೆರೆಯ ಮೇಲೆ ಒಂದು ಚಿತ್ರ ಮೂಡಿದೆ ಎಂದರೆ ಯಾರೋ ಒಬ್ಬರು ಆಗಲೇ ಅಲ್ಲಿಗೆ ತಲುಪಿದ್ದಾರೆ ಎಂದೇ ಅರ್ಥ. ಆ ಒಬ್ಬನನ್ನು ನಾವು ಫ್ರೇಮಿನಾಚೆ ಬಚ್ಚಿಟ್ಟು, ಅವನು ಏನು ಮಾಡಿದ ಎಂಬುದನ್ನು ಹೇಳದೆ ಬಿಡುತ್ತೇವೆ.

ದೃಶ್ಯವನ್ನು ಮತ್ತೆ ಕಟ್ಟಲು ಕುಳಿತಾಗ ಎರಡು ಹಳೆಯ ಸಂಗತಿಗಳು ತಲೆಯಲ್ಲಿದ್ದವು. 1961ರಲ್ಲಿ ಫ್ರೆಂಚ್ ವಿಮರ್ಶಕ ಜಾಕ್ ರಿವೆತ್, ನಾತ್ಸಿ ಶಿಬಿರದ ವಿದ್ಯುತ್ ತಂತಿಗೆ ಬಿದ್ದು ಸತ್ತ ಹೆಣ್ಣಿನ ದೇಹವನ್ನು ಅಂದವಾಗಿ ಚೌಕಟ್ಟಿಗೆ ಕೂರಿಸಲು ಕ್ಯಾಮೆರಾವನ್ನು ಮುಂದಕ್ಕೆ ಜಾರಿಸಿದ ನಿರ್ದೇಶಕನೊಬ್ಬನನ್ನು ಆ ಒಂದು ಚಲನೆಗಾಗಿಯೇ ತಿರಸ್ಕಾರಕ್ಕೆ ಅರ್ಹ ಎಂದು ಖಂಡಿಸಿದ್ದ. ಇನ್ನೊಂದು ಸಂಗತಿ 1945ರದು. ಬಿಡುಗಡೆಯಾದ ಅಂಥವೇ ಶಿಬಿರಗಳಲ್ಲಿ ತೆಗೆದ ರೀಲುಗಳಿಂದ ಬ್ರಿಟಿಷರು ಚಿತ್ರವೊಂದನ್ನು ಕಟ್ಟುತ್ತಿದ್ದಾಗ ಸಲಹೆಗಾರನಾಗಿ ಬಂದ, ರೋಮಾಂಚಕ ಚಿತ್ರಗಳ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್, ಯಾರೂ ಕೈಚಳಕವೆಂದು ಅನುಮಾನಿಸದಂತೆ ಕತ್ತರಿಸದ ಉದ್ದ ಶಾಟ್‌ಗಳನ್ನು ಬಳಸಿ ಎಂದೂ, ಜನ ನೆಮ್ಮದಿಯಾಗಿ ಬದುಕುತ್ತಿದ್ದ ಊರುಗಳು ಶಿಬಿರಕ್ಕೆ ಎಷ್ಟು ಹತ್ತಿರದಲ್ಲಿದ್ದವೆಂದು ನಕ್ಷೆಯಲ್ಲಿ ತೋರಿಸಿ ಎಂದೂ ಹೇಳಿದ್ದ. ಜಗತ್ತನ್ನೇ ಬೆಚ್ಚಿಬೀಳಿಸುವ ಕತ್ತರಿಯ ಚಾಕಚಕ್ಯತೆ ಬಲ್ಲವನು, ಇಲ್ಲಿ ಕತ್ತರಿ ಕೆಳಗಿಡಿ ಎಂದದ್ದು ನನಗೆ ದೊಡ್ಡ ಪಾಠ. ಆ ಚಿತ್ರ ಅಪೂರ್ಣವಾಗಿಯೇ ಉಳಿದು 2014ರಲ್ಲಷ್ಟೇ ಪೂರ್ಣರೂಪದಲ್ಲಿ ತೆರೆಗೆ ಬಂತು.

ನಾನು ಮೊದಲು ಸಂಗೀತ ತೆಗೆದೆ, ಆಮೇಲೆ ಮಗುವನ್ನು ತೆಗೆದೆ. ಮುಖದ ಹತ್ತಿರದ ಶಾಟ್‌ನ ಬದಲು 35 ಎಂಎಂ ಲೆನ್ಸಿನಲ್ಲಿ ತೆಗೆದ, ಮೆಟ್ಟಿಲು, ಗಂಟು, ಹಿಂದಿನ ಸಾಲು, ಎಲ್ಲವೂ ಕಾಣುವ ಅಗಲದ ಶಾಟ್ ಇಟ್ಟೆ. ಗಂಟು ಬಿಚ್ಚುವುದಕ್ಕೆ ಆಕೆಗೆ ಹಿಡಿದ ನಲವತ್ತೊಂದು ಸೆಕೆಂಡನ್ನು ಒಂದೇ ಎಳೆಯಾಗಿ ಬಿಟ್ಟೆ. ನಲವತ್ತೊಂದು ಸೆಕೆಂಡು ತೆರೆಯ ಮೇಲೆ ಬಹಳ ದೀರ್ಘ. ಇಪ್ಪತ್ತನೆಯ ಸೆಕೆಂಡಿಗೇ ಬೆರಳು ತಾನಾಗಿ ಕಟ್ ಕೀಲಿಯ ಕಡೆ ಹೋಗುತ್ತದೆ. ಆಕೆ ಕವರ್ ಮುಂದೆ ಚಾಚಿದಾಗ ಫ್ರೇಮಿನ ಎಡಬದಿಯಿಂದ ಛಾಯಾಗ್ರಾಹಕನ ಕೈ ಬಂದು ಅದನ್ನು ತೆಗೆದುಕೊಳ್ಳುತ್ತದೆ, ಒಂದೇ ಕೈಯಲ್ಲಿ ಉಳಿದ ಕ್ಯಾಮೆರಾ ವಾಲಿ ನೆಲ ಕಾಣಿಸುತ್ತದೆ. ಅದನ್ನೂ ಹಾಗೆಯೇ ಉಳಿಸಿದೆ. ಆಕೆಯ ಒಪ್ಪಿಗೆ ಪಡೆದು ಹೆಸರನ್ನು ಸರಿಯಾದ ಅಕ್ಷರಗಳಲ್ಲಿ ಉಪಶೀರ್ಷಿಕೆಯಾಗಿ ಹಾಕಿದೆ, ಜೊತೆಗೆ ತಾರೀಖನ್ನೂ.

ನಡುವೆ ಒಂದು ಎಡವಟ್ಟೂ ಆಯಿತು. ಪ್ರೇಕ್ಷಕರಿಗೆ ಮಾಡಲು ಏನಾದರೂ ಇರಲಿ ಎಂದು ಕೊನೆಯಲ್ಲಿ ದೇಣಿಗೆ ಕಳುಹಿಸುವ ವಿಳಾಸ ಹಾಕಿ ನೋಡಿದೆ. ಪರೀಕ್ಷಾ ಪ್ರದರ್ಶನದಲ್ಲಿ ಆ ಫಲಕ ಬಂದ ಕೂಡಲೇ ಸಭಾಂಗಣದಲ್ಲಿ ಒಂದು ನಿಟ್ಟುಸಿರು ಕೇಳಿಸಿತು, ಪ್ರಾಯಶ್ಚಿತ್ತದ ಕಿಟಕಿ ತೆರೆದಂತೆ. ಆಕೆ ಕೇಳಿದ್ದು ದುಡ್ಡಲ್ಲ, ಒಂದು ಅಕ್ಷರ. ಫಲಕವನ್ನು ತೆಗೆದೆ.

ಹೊಸ ದೃಶ್ಯಕ್ಕೆ ಯಾರೂ ಅಳುವುದಿಲ್ಲ. ಚಿತ್ರದ ಲಯ ಅಲ್ಲಿ ಕುಸಿಯುತ್ತದೆ ಎಂದು ನಿರ್ಮಾಪಕರು ಹೇಳಿದರು, ಅವರ ಮಾತು ಸುಳ್ಳೂ ಅಲ್ಲ. ಹಿಂದೊಮ್ಮೆ ಕೈ ಹಿಡಿದು ಮೆಚ್ಚಿದ ಹಿರಿಯರು ಈ ಬಾರಿ, ಆ ಕಾಗದ ಏನಾಯಿತು ಎಂದು ತುಸು ಸಿಟ್ಟಿನಿಂದಲೇ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಛಾಯಾಗ್ರಾಹಕನಿಗೆ ಫೋನ್ ಮಾಡಿದೆ. ಅರ್ಜಿ ಒಂಬತ್ತು ದಿನ ತನ್ನ ಚೀಲದಲ್ಲೇ ಇತ್ತೆಂದೂ, ಆಮೇಲೆ ಕಚೇರಿಯ ಕಿಟಕಿಯಲ್ಲಿ ಕೊಟ್ಟೆನೆಂದೂ, ರಸೀದಿ ಕೇಳಲು ಹೊಳೆಯಲಿಲ್ಲವೆಂದೂ ಅವನು ಹೇಳಿದ. ದೃಶ್ಯದ ಕೊನೆಗೆ ಕಪ್ಪು ತೆರೆಯ ಮೇಲೆ ಅದನ್ನೇ ಬರೆದೆ. ಒಂಬತ್ತು ದಿನ ಎಂಬುದನ್ನು ಬಿಡಬಹುದೇ ಎಂದು ಅವನು ಎರಡು ಬಾರಿ ಕೇಳಿದ. ಬಿಡಲಿಲ್ಲ. ಅದರ ಕೆಳಗೆ, ಅದೇ ಗಾತ್ರದ ಅಕ್ಷರಗಳಲ್ಲಿ, ಆಕೆ ಅರ್ಜಿ ಕೊಡುವ ಈ ಶಾಟ್ ಐದು ತಿಂಗಳು ಸಂಕಲನಕಾರರ ಬಳಿಯಿತ್ತು ಎಂಬ ಸಾಲನ್ನು ಸೇರಿಸಿದೆ.